ಹದಿನೇಳು ಅಡಿ ತಗಡು

ಕಾರು ಬಂದ ದಿನವೇ ಸೊಸೆಯ ಹೊಲಿಗೆ ಯಂತ್ರ ಹೊರಗೆ ಬಿತ್ತು. ಹೊರಗೆ ಎಂದರೆ ಬೀದಿಗಲ್ಲ, ಅಡುಗೆಮನೆಗೆ ಹೋಗುವ ಓಣಿಯಂಥ ಜಾಗಕ್ಕೆ. ಒಂದು ಕಡೆ ನೀರಿನ ಡ್ರಮ್ಮು, ಇನ್ನೊಂದು ಕಡೆ ಈರುಳ್ಳಿ ಬುಟ್ಟಿ, ನಡುವೆ ಅವಳು, ಅವಳ ಯಂತ್ರ, ಹೋಟೆಲಿನ ಸಪ್ಲೈಯರುಗಳಿಗೆ ಹೊಲಿಯಬೇಕಿದ್ದ ನಲವತ್ತು ಬಿಳಿ ಕೋಟು. ಯಾರಾದರೂ ನೀರು ಕುಡಿಯಲು ಬಂದರೆ ಅವಳು ಎದ್ದು ದಾರಿ ಬಿಡಬೇಕು. ಆರು ವರ್ಷ ಹಿತ್ತಿಲ ಶೆಡ್ಡಿನಲ್ಲಿ ಮಹಾರಾಣಿಯ ಹಾಗೆ ಕೂತು ಹೊಲಿದವಳಿಗೆ ಈ ಗತಿ ಬಂದಿತ್ತು, ಅದೂ ಒಂದು ತುಕ್ಕು ಹಿಡಿದ ಕಾರಿನ ದೆಸೆಯಿಂದ.

ಕಾರೋ, ದೇವರೇ, ಅದನ್ನು ಬರೀ ಕಾರು ಅನ್ನುವುದಕ್ಕೆ ನಾಲಿಗೆ ಏಳಬೇಕಲ್ಲ! ಅರವತ್ತೈದು ವರ್ಷದ ಹಿಂದೆ ಅಮೆರಿಕದಲ್ಲಿ ತಯಾರಾದದ್ದು. ಮೂತಿಯಿಂದ ಬಾಲದವರೆಗೆ ಹದಿನೇಳು ಅಡಿ. ಬಾಲದ ತುದಿಯಲ್ಲಿ ಮೀನಿಗಿರುವ ಹಾಗೆ ಎರಡು ರೆಕ್ಕೆ ಬೇರೆ. ಸೋಡಾ ಕಾರ್ಖಾನೆಯ ಹಳೆಯ ಮಾಲೀಕರ ಮನೆ ಕೆಡವುವಾಗ ಹಿತ್ತಿಲಲ್ಲಿ ಸಿಕ್ಕಿತ್ತು. ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. “ಬೇಕಿದ್ರೆ ಎಳ್ಕೊಂಡು ಹೋಗಿ, ಜಾಗ ಖಾಲಿಯಾದ್ರೆ ಸಾಕು” ಎಂದು ಆ ಮನೆಯವರು ಅಂದರಂತೆ. ಮಾವ ಎಳೆದುಕೊಂಡು ಬಂದರು. ಬೀದಿಯ ಜನರೆಲ್ಲ ಸೇರಿ ತಳ್ಳಿದರು, ಕಾರು ಇಂಚಿಂಚೇ ಶೆಡ್ಡಿನೊಳಗೆ ನುಗ್ಗಿತು. ಮುಖ ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಸೊಸೆಗೂ ಒಂದು ಗಳಿಗೆ ಸಿಟ್ಟು ಮರೆತುಹೋಯಿತು. ಅಷ್ಟು ಉದ್ದದ, ಅಷ್ಟು ಬಳುಕಿನ ಕಬ್ಬಿಣವನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮಾವ ತಗಡಿನ ಮೇಸ್ತ್ರಿ. ಗುದ್ದಿಸಿಕೊಂಡು ಜಜ್ಜಿಹೋಗಿ ಬಂದ ಕಾರುಗಳ ಮೈಯನ್ನು ಒಳಗಿನಿಂದ ಕಬ್ಬಿಣದ ಗುಂಡು ಕೊಟ್ಟು, ಹೊರಗಿನಿಂದ ಸುತ್ತಿಗೆ ಬಡಿದು, ಮೊದಲಿನ ಹಾಗೆ ಮಾಡುವುದು ಅವರ ಕಸುಬು. ನಲವತ್ತೊಂದು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ದುಡಿದು ಹೋದ ವರ್ಷ ಮನೆಗೆ ಬಂದಿದ್ದರು. ಅವರ ಕೈಗೆ ಹೆಸರಿತ್ತು. ತಗ್ಗು ಬಿದ್ದ ಕಡೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆಯುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. “ಪುಟ್ಟಿ ಹಚ್ಚೋನು ಮೇಸ್ತ್ರಿ ಅಲ್ಲ, ಮುಖಕ್ಕೆ ಪೌಡರ್ ಬಳಿಯೋನು” ಎನ್ನುತ್ತಿದ್ದರು.

“ಅಪ್ಪಾ, ಇದೆಷ್ಟು ದಿನ?” ಎಂದು ಮಗ ಅವತ್ತೇ ಊಟಕ್ಕೆ ಕೂತಾಗ ಕೇಳಿದ. ಅವನು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೀದಿಯ ಸಮಸ್ತರ ಕಾಯಿಲೆಗಳೂ ಅವನಿಗೆ ಬಾಯಿಪಾಠ.

“ಆದಷ್ಟು ದಿನ.”

“ಹಂಗಂದ್ರೆ? ಇವಳು ಈರುಳ್ಳಿ ಬುಟ್ಟಿ ಪಕ್ಕ ಕೂತು ಕೋಟು ಹೊಲೀಬೇಕಾ? ಕೋಟಿಗೆಲ್ಲ ಒಗ್ಗರಣೆ ವಾಸನೆ ಬರ್ತಿದೆ ಅಂತ ಹೋಟೆಲಿನವರು ವಾಪಸ್ ಕಳಿಸಿದ್ರೆ?”

“ಹೋಟೆಲಿನವರಿಗೆ ಒಗ್ಗರಣೆ ವಾಸನೆ ಹೊಸದೇನಲ್ಲ” ಎಂದು ಮಾವ ಅನ್ನ ಕಲಸಿದರು.

ಅತ್ತೆ ಕಿಸಕ್ಕೆಂದು ನಕ್ಕುಬಿಟ್ಟರು. ಸೊಸೆ ನಗಲಿಲ್ಲ. ಮಗ ತಟ್ಟೆ ಸರಿಸಿ ಬೆರಳು ಎತ್ತಿದ. “ಎಂಟು ವಾರ ಕೊಡ್ತೀನಿ. ಒಂಬತ್ತನೇ ವಾರ ಸೋಮವಾರ ಬೆಳಿಗ್ಗೆ ಗುಜರಿಯವನು ಬರ್ತಾನೆ. ನಾನು ಮಾತಾಡಿಟ್ಟಿದ್ದೀನಿ. ಆಮೇಲೆ ನನ್ನನ್ನ ಅನ್ಬೇಡ.”

“ಎಂಟು ವಾರ ಸಾಕು” ಅಂದರು ಮಾವ. “ಜೀವಮಾನ ಪೂರ್ತಿ ಊರಿನವರ ಕಾರಿಗೆ ಒಂದೊಂದು ಬಾಗಿಲು, ಒಂದೊಂದು ಮೂಲೆ ಬಡಿದೆ. ಪೂರ್ತಿ ಒಂದು ಕಾರನ್ನ ನನ್ನದು ಅಂತ ನಿಲ್ಲಿಸ್ಬೇಕು. ಒಂದೇ ಒಂದು.”

ಮಗ ಎದ್ದು ಕೈ ತೊಳೆಯಲು ಹೋದ. ಸೊಸೆ ಖಾಲಿ ತಟ್ಟೆಗಳನ್ನು ಸದ್ದು ಮಾಡುತ್ತ ಎತ್ತಿದಳು.

ಮೊದಲ ಮೂರು ವಾರ ಮನೆಯೊಳಗೆ ಟಕಟಕ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಮಾವನ ಹಳೆಯ ಗೆಳೆಯನೊಬ್ಬ ಗುಜರಿಗೆ ಬಿದ್ದ ವ್ಯಾನಿನ ಡೀಸೆಲ್ ಎಂಜಿನ್ ತಂದು ಕೂರಿಸಿಕೊಟ್ಟ. ಸೀಟಿಗೆ ಹಸಿರು ರೆಕ್ಸಿನ್ ಬಂತು. ಅದನ್ನು ಹೊಲಿಯುವವಳು ಮನೆಯಲ್ಲೇ ಇದ್ದಾಳಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. “ನನ್ನ ಜಾಗ ಕಿತ್ಕೊಂಡ ಕಾರಿಗೆ ನಾನು ಸೀಟು ಹೊಲಿಯಲ್ಲ, ಬೇಕಾದ್ರೆ ನೆಲದ ಮೇಲೆ ಕೂತ್ಕೊಂಡು ಓಡಿಸಿ” ಎಂದು ಅವಳು ಖಡಾಖಂಡಿತ ಹೇಳಿದಳು. ರೆಕ್ಸಿನ್ ಸುರುಳಿ ಮಂಚದ ಕೆಳಗೆ ಹೋಗಿ ಸೇರಿತು.

ಅತ್ತೆ ಕಾರಿಗೆ ‘ಹಡಗು’ ಎಂದು ಹೆಸರಿಟ್ಟರು. “ನಿಮ್ಮ ಮಾವ ಹಡಗಿನಲ್ಲಿದ್ದಾರೆ, ಊಟಕ್ಕೆ ಕರಿ” ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಶೆಡ್ಡಿಗೆ ಹೋಗಿ, ಗಂಡ ಕಾರಿನ ಮೈಯನ್ನು ಕಣ್ಣು ಮುಚ್ಚಿಕೊಂಡು ಸವರುತ್ತಿರುವುದನ್ನು ನೋಡಿ, “ಮೂವತ್ತೆಂಟು ವರ್ಷದಲ್ಲಿ ನನ್ನ ಕೈಯನ್ನಾದರೂ ಇಷ್ಟು ಅಕ್ಕರೆಯಿಂದ ಹಿಡಿದಿದ್ದೀರಾ?” ಎಂದು ಕೇಳಿ ಬಂದಿದ್ದರು. ಮಾವ ಅವತ್ತು ನಗಲಿಲ್ಲ. ಅತ್ತೆಗೆ ಅದು ವಿಚಿತ್ರವೆನಿಸಿತ್ತು.

ಜಗಳ ಮತ್ತೆ ಎದ್ದದ್ದು ಒಂದು ಪಟ್ಟಿಯ ಕಾರಣಕ್ಕೆ. ಆ ಕಾಲದ ಕಾರುಗಳ ಪಕ್ಕದಲ್ಲಿ ಮುಂದಿನ ದೀಪದಿಂದ ಬಾಲದವರೆಗೆ ಹೊಳೆಯುವ ಒಂದು ಉಕ್ಕಿನ ಪಟ್ಟಿ ಇರುತ್ತಿತ್ತು. ಇದರದು ಯಾವಾಗಲೋ ಕಳೆದುಹೋಗಿ ಬರೀ ತೂತುಗಳು ಉಳಿದಿದ್ದವು. ಹೊಸ ಪಟ್ಟಿ ಮಾಡಿಸಿ ಕೂರಿಸಿದರೆ ಕೆಲಸ ಅರ್ಧ ಮುಗಿದ ಹಾಗೆ, ಏಕೆಂದರೆ ಪಟ್ಟಿಯ ಹೊಳಪಿನಲ್ಲಿ ತಗಡಿನ ಉಬ್ಬುತಗ್ಗು ಕಣ್ಣಿಗೆ ಬೀಳುವುದಿಲ್ಲ. ಮಾವ ತೂತುಗಳನ್ನೆಲ್ಲ ಬೆಸೆದು ಮುಚ್ಚಿಬಿಟ್ಟರು.

“ಪಟ್ಟಿ ಬೇಡ. ಬೋಳು ಮೈಯೇ ಇರ್ಲಿ. ಮೇಲೆ ಅಪ್ಪಟ ಕಪ್ಪು ಬಣ್ಣ.”

“ಕಪ್ಪಾ?” ಎಂದ ಮಗ. “ಕಪ್ಪು ಬಳಿದ್ರೆ ಸಣ್ಣ ಡೊಂಕೂ ಎದ್ದು ಕಾಣುತ್ತೆ ಅಂತ ನೀನೇ ಹೇಳ್ತಿದ್ದೆ.”

“ಅದಕ್ಕೇ ಕಪ್ಪು.”

“ಹಠ ಅಂದ್ರೆ ಇದು! ಅಮ್ಮಾ, ನೀನಾದ್ರೂ ಹೇಳು.”

“ನಾನೇನು ಹೇಳ್ಲಿ? ನನ್ನನ್ನ ಕೇಳಿ ಹಡಗು ತಂದ್ರಾ?” ಎಂದು ಅತ್ತೆ ಬಟ್ಟೆ ಒಣಗಿಸಲು ಎದ್ದು ಹೋದರು.

ನಾಲ್ಕನೆಯ ವಾರ ಅತ್ತೆಗೆ ಮಂಡಿ ನೋವು ಬಂತು. ನಾಲ್ಕು ಗಂಟೆಯ ಚಹಾ ಶೆಡ್ಡಿಗೆ ಒಯ್ಯುವ ಕೆಲಸ ಸೊಸೆಯ ಪಾಲಿಗೆ ಬಿತ್ತು. ಕಾರು ಬಂದಮೇಲೆ ಅವಳು ಆ ಬಾಗಿಲು ದಾಟಿರಲಿಲ್ಲ. ಅವತ್ತು ದಾಟಿದಳು, ಲೋಟ ಹಿಡಿದುಕೊಂಡು ಹಾಗೇ ನಿಂತಳು.

ಮಾವ ಹಿಂದಿನ ರೆಕ್ಕೆಯ ಕೆಳಗೆ ಗ್ಯಾಸಿನ ಬೆಂಕಿ ಹಿಡಿದಿದ್ದರು. ಅಲ್ಲಿ ತಗಡು ಹಿಗ್ಗಿ ಬೊಬ್ಬೆಯ ಹಾಗೆ ಉಬ್ಬಿತ್ತು. ಬೆಂಕಿಯ ತುದಿಯಲ್ಲಿ ಒಂದು ನಾಣ್ಯದಷ್ಟು ಜಾಗ ಕೆಂಪಾಯಿತು. ಸುತ್ತಿಗೆಯಲ್ಲಿ ಎರಡು ಮೆಲ್ಲನೆಯ ಏಟು. ತಕ್ಷಣ ಒದ್ದೆ ಬಟ್ಟೆ ಒತ್ತಿದರು. ಚೊಯ್ ಎಂದು ಹಬೆ ಎದ್ದಿತು, ಬಟ್ಟೆ ತೆಗೆದರೆ ಉಬ್ಬು ಇಲ್ಲ! ಹಿಗ್ಗಿದ್ದ ತಗಡು ತನ್ನನ್ನು ತಾನೇ ಒಳಗೆ ಎಳೆದುಕೊಂಡಿತ್ತು.

ಅಯ್ಯೋ, ಇದು ನನ್ನ ಕೆಲಸವಲ್ಲವೇ ಎನಿಸಿತು ಅವಳಿಗೆ. ಕೋಟಿನ ತೋಳನ್ನು ಭುಜಕ್ಕೆ ಕೂರಿಸುವಾಗ ಬಟ್ಟೆ ಹೆಚ್ಚಾಗಿ ಉಳಿಯುತ್ತದೆ. ಅವಳೂ ಒದ್ದೆ ಬಟ್ಟೆ ಹಾಕಿ, ಕಾದ ಇಸ್ತ್ರಿ ಒತ್ತಿ, ಆ ಹೆಚ್ಚಿನ ಬಟ್ಟೆಯನ್ನು ಹೀಗೇ ಕುಗ್ಗಿಸುತ್ತಿದ್ದಳು. ಕಬ್ಬಿಣಕ್ಕೂ ಬಟ್ಟೆಯ ಬುದ್ಧಿಯೇ ಇದೆಯೆಂದು ಯಾರಿಗೆ ಗೊತ್ತಿತ್ತು! ಅವಳಿಗೆ ಮೈ ಜುಮ್ಮೆಂದಿತು. ಸಿಟ್ಟು ಸಿಟ್ಟಿನ ಜಾಗದಲ್ಲೇ ಇತ್ತು, ಆದರೂ ಅವಳು ಬೆಪ್ಪಾಗಿ ನೋಡಿದಳು.

ಮಾವ ಪಕ್ಕದ ಇನ್ನೊಂದು ಉಬ್ಬಿಗೆ ಬೆಂಕಿ ಹಿಡಿದರು. ಅದೂ ಕೆಂಪಾಯಿತು. ಆಗಲೇ ಅವಳು “ಮಾವ, ಚಹಾ” ಅಂದಳು. ಅವರು ಬೆಂಕಿ ಆರಿಸಿ, ಏಳುವುದಕ್ಕೆ ಆಸರೆಯೆಂದು ಕಾರಿನ ಮೇಲೆ ಎಡಗೈ ಊರಿದರು. ಊರಿದ್ದು ಆ ಕಾದ ಜಾಗದ ಮೇಲೆಯೇ.

ಅವರು ಕೈ ತೆಗೆಯಲಿಲ್ಲ.

“ಇಡಮ್ಮ ಅಲ್ಲಿ” ಎಂದು ಸ್ಟೂಲು ತೋರಿಸಿದರು. ಚರ್ಮ ಸುಟ್ಟ ವಾಸನೆ ಅವಳ ಮೂಗಿಗೆ ಬಡಿಯಿತು. ಅವಳು ಲೋಟವನ್ನು ಅಲ್ಲೇ ಬಿಸಾಕಿ, ಕಿರುಚಿ, ಅವರ ಕೈಯನ್ನು ಎಳೆದಳು. ಅಂಗೈಯಲ್ಲಿ ನಾಣ್ಯದಗಲ ಬೆಳ್ಳಗೆ ಸುಟ್ಟಿತ್ತು. ಮಾವ ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು.

“ನೋವಾಗ್ಲಿಲ್ವಾ ಮಾವ?”

ಮಾವ ಬಾಗಿಲ ಕಡೆ ನೋಡಿ ದನಿ ಇಳಿಸಿದರು. “ಐದು ತಿಂಗಳಾಯ್ತು. ಎರಡೂ ಅಂಗೈ ಸತ್ತುಹೋಗಿವೆ. ಬಿಸಿ ಇಲ್ಲ, ತಣ್ಣಗಿಲ್ಲ. ನಲವತ್ತು ವರ್ಷ ಸುತ್ತಿಗೆ ಅದುರಿಸಿದ್ದು ಸುಮ್ನೆ ಹೋಗುತ್ತಾ?”

“ಡಾಕ್ಟರಿಗೆ ತೋರಿಸಿದ್ರಾ? ಇವರಿಗಾದ್ರೂ ಹೇಳಿದ್ರಾ?”

“ಅವನಿಗೆ ಹೇಳಿದ್ರೆ ಏನಂತಾನೆ? ‘ಕೂತ್ಕೋ ಅಪ್ಪ, ಮಾತ್ರೆ ನುಂಗು’ ಅಂತಾನೆ. ಕೂತ್ಕೋಬೇಕು. ಕೂತೋನು ಏಳಲ್ಲ.” ಅವರು ಕಾರಿನ ಉದ್ದಕ್ಕೂ ನೋಡಿದರು. “ಈ ತಗಡು ಕಣ್ಣಿಗೆ ಸಿಗಲ್ಲ, ತಾಯಿ. ಎಲ್ಲೋ ಏನೋ ಡೊಂಕಿದೆ ಅಂತ ಕಣ್ಣು ಹೇಳುತ್ತೆ. ಎಲ್ಲಿ ಅಂತ ಕೈ ಹೇಳ್ಬೇಕು. ಮೂರು ವಾರದಿಂದ ಕುರುಡನ ಹಾಗೆ ಬಡೀತಿದ್ದೀನಿ. ಬಡಿದಷ್ಟೂ ಕೆಡ್ತಿದೆ.”

ಅವಳಿಗೆ ಆಗ ಎಲ್ಲ ಅರ್ಥವಾಯಿತು. ಒಂದೇ ಒಂದು ಮಾತು. ಅದನ್ನು ಗಂಡನ ಕಿವಿಗೆ ಹಾಕಿದರೆ ಸಾಕು, ಎಂಟು ವಾರ ಕಾಯಬೇಕಾಗಿಲ್ಲ, ನಾಳೆಯೇ ಗುಜರಿಯವನು ಬರುತ್ತಾನೆ, ಸಂಜೆಗೆ ಅವಳ ಯಂತ್ರ ಕಿಟಕಿಯ ಬೆಳಕಿಗೆ ವಾಪಸು ಬರುತ್ತದೆ. ಅದರ ಆಸೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ಚೆನ್ನಾಗಿಯೇ ಬಂತು. ಮಾವನೂ ಅದನ್ನು ಅವಳ ಮುಖದಲ್ಲಿ ಓದಿಕೊಂಡಿರಬೇಕು. “ಹೇಳ್ಬೇಕು ಅನ್ಸಿದ್ರೆ ಹೇಳು. ನಿನ್ನ ಜಾಗ ನಾನು ಕಿತ್ಕೊಂಡಿದ್ದು ನಿಜ” ಅಂದರು.

ಅವಳು ಹೇಳಲಿಲ್ಲ. ಅವರ ಕೈಗೆ ತಣ್ಣೀರು ಹಾಕಿ, ಹಳೆಯ ಬಿಳಿ ಕೋಟಿನ ಚೂರು ಸುತ್ತಿ ಕಟ್ಟಿದಳು. ಕಟ್ಟಿ, ಹೋಗುವಾಗ ಯಾಕೋ ನಿಂತು, ರೆಕ್ಕೆಯ ಕೆಳಗಿನ ತಗಡಿನ ಮೇಲೆ ಕೈಯಾಡಿಸಿದಳು. ಕೋಟಿನ ಒಳಬಟ್ಟೆ ಎಲ್ಲಾದರೂ ಮುದುಡಿದೆಯೇ ಎಂದು ದಿನಕ್ಕೆ ನೂರು ಸಲ ಸವರಿ ನೋಡುವ ಕೈ ಅದು.

“ಇಲ್ಲೊಂದು ತಗ್ಗಿದೆ” ಅಂದಳು.

“ಎಲ್ಲಿ?” ಮಾವನ ದನಿಯೇ ಬೇರೆಯಾಯಿತು. “ಹಂಗಲ್ಲ. ಎಡಗೈಲಿ ನೋಡು, ಅದು ಕೆಲಸ ಮಾಡಿ ಒರಟಾಗಿರಲ್ಲ. ಈ ತೆಳು ಬಟ್ಟೆ ಕೆಳಗೆ ಹಾಕ್ಕೋ, ಕೈ ಜಾರುತ್ತೆ. ಕಣ್ಣು ಮುಚ್ಚು. ಉದ್ದಕ್ಕೆ ಸವರು, ಅಡ್ಡಕ್ಕಲ್ಲ. ಅವಸರ ಮಾಡ್ಬೇಡ.”

ಅವಳು ಕಣ್ಣು ಮುಚ್ಚಿದಳು. ಬಟ್ಟೆಯ ಕೆಳಗೆ ತಗಡು ನಿಧಾನವಾಗಿ ಸರಿಯಿತು. ಮೊದಲು ಏನೂ ಇಲ್ಲ. ಆಮೇಲೆ ಒಂದು ಸಣ್ಣ ಏರು. ಏರಿ, ಇಳಿದು, ಮತ್ತೆ ಏರು. ಅಲ್ಲೊಂದು ಚೂಪು, ಇಲ್ಲೊಂದು ಬಟಾಣಿಯಷ್ಟು ಕುಳಿ. ಕಣ್ಣಿಗೆ ನುಣ್ಣಗೆ ಕಂಡಿದ್ದ ಆ ಮೈಯೆಲ್ಲ ಅಂಗೈಯ ಕೆಳಗೆ ಬೆಟ್ಟಗುಡ್ಡವಾಗಿ ಎದ್ದಿತು! ಅವಳು ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಕಣ್ಣು ಬಿಡದೆಯೇ ಗೀರು ಹಾಕುತ್ತ ಹೋದಳು. ಉಬ್ಬಿಗೆ ಸೊನ್ನೆ, ತಗ್ಗಿಗೆ ಅಡ್ಡಗೀಟು. ಕಣ್ಣು ಬಿಟ್ಟರೆ ಎರಡು ಅಡಿ ಜಾಗದಲ್ಲಿ ಹನ್ನೊಂದು ಗುರುತು. ಮಾವ ಸುಟ್ಟ ಕೈಯಲ್ಲೇ ಗುಂಡು ಹಿಡಿದು ಮೊದಲನೆಯ ಸೊನ್ನೆಗೆ ಸುತ್ತಿಗೆ ಇಳಿಸಿದರು. ಟಕ್, ಟಕ್. “ಈಗ ನೋಡು.”

ಅವಳು ಸವರಿದಳು. “ಇಲ್ಲ ಮಾವ. ಹೋಯ್ತು.”

ಮಾವ ಕಾರಿನ ಮೇಲೆ ಹಣೆಯಿಟ್ಟರು.

ಅಲ್ಲಿಂದ ಮುಂದೆ ಮನೆಯ ದಿನಚರಿ ಅಡಿಮೇಲಾಯಿತು. ಬೆಳಿಗ್ಗೆ ಹನ್ನೆರಡರವರೆಗೆ ಕೋಟು, ಊಟವಾದ ಮೇಲೆ ತಗಡು. ಸೊಸೆ ಶೆಡ್ಡಿಗೆ ಹೋದರೆ ಚಹಾದ ಹೊತ್ತು ಮೀರಿದರೂ ಬರುತ್ತಿರಲಿಲ್ಲ. ಅವಳು ಗುರುತು ಹಾಕಬೇಕು, ಅವರು ಬಡಿಯಬೇಕು, ಅವಳು ಸವರಬೇಕು. ಮಾವ ಹೊಗಳುವ ಜಾತಿಯವರಲ್ಲ. “ಹ್ಞೂಂ” ಅಂದರೆ ಅದೇ ದೊಡ್ಡ ಮಾತು. ಆದರೆ ಅವಳು ಕಣ್ಣು ಮುಚ್ಚಿದಾಗ ಅವರು ಉಸಿರನ್ನೂ ಬಿಗಿಹಿಡಿದು ನಿಲ್ಲುತ್ತಾರೆಂದು ಅವಳಿಗೆ ಗೊತ್ತಾಗುತ್ತಿತ್ತು. ಹಾಗೆ ಯಾರೂ ಅವಳ ಮುಂದೆ ನಿಂತವರಲ್ಲ.

ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ತಾವೇ ಅಡುಗೆಗೆ ನಿಂತರು, ಗೊಣಗುತ್ತಲೇ.

“ಏನು ನಡೀತಿದೆ ಒಳಗೆ? ಒಂದು ಗಳಿಗೆ ಟಕಟಕ, ಒಂದು ಗಂಟೆ ಸದ್ದೇ ಇಲ್ಲ.”

“ಸದ್ದಿಲ್ಲದಾಗ್ಲೇ ಅತ್ತೆ ಕೆಲಸ ಆಗೋದು.”

“ನೀನೂ ಹಡಗು ಹತ್ತಿದೆ ಅನ್ನು! ಇನ್ನು ನನಗೆ ಈ ಮನೇಲಿ ಮಾತಾಡೋಕೆ ಈ ಕುಕ್ಕರ್ ಒಂದೇ ಉಳಿದಿದ್ದು” ಎಂದು ಅತ್ತೆ ಅದರ ಮುಚ್ಚಳವನ್ನು ಧಡಾರನೆ ಹಾಕಿದರು. ಆದರೂ ಸಂಜೆ ಎರಡು ಬೇಯಿಸಿದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು ಶೆಡ್ಡಿನ ಕಿಟಕಿಯಿಂದ ಒಳಗೆ ತಳ್ಳಿದರು.

ಗಂಡನದು ಬೇರೆ ತಕರಾರು. ಹೋಟೆಲಿನ ಮ್ಯಾನೇಜರು ಅಂಗಡಿಗೇ ಬಂದು, ಕೋಟುಗಳು ಯಾವಾಗ ಎಂದು ಗಿರಾಕಿಗಳ ಎದುರಿಗೆ ಕೇಳಿದ್ದರು. “ನನ್ನ ಮಾನ ಹೋಯ್ತು” ಎಂದು ಮನೆಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. “ನಾನು ಯಾರಿಗೋಸ್ಕರ ಅಪ್ಪನ ಜೊತೆ ಜಗಳ ಆಡಿದ್ದು? ನಿನಗೋಸ್ಕರ! ಈಗ ನೀನೇ ಅವರ ಪಕ್ಷ ಸೇರ್ಕೊಂಡ್ರೆ ನಾನ್ಯಾರು, ಮಂಗನಾ?”

“ಕೋಟು ಶುಕ್ರವಾರ ಕೊಡ್ತೀನಿ ರೀ. ಹನ್ನೆರಡೇ ಉಳಿದಿರೋದು.”

“ಅಲ್ಲಿ ಹೋಗಿ ಏನು ಮಾಡ್ತೀಯ ನೀನು?”

ಅವಳಿಗೆ ಬಾಯಿತುದಿಗೆ ಬಂದಿತ್ತು. “ಕಾರು ಒರೆಸ್ತೀನಿ” ಅಂದಳು. ಬಟ್ಟೆ ಹಿಡಿದು ಸವರುವುದು ಒರೆಸುವುದೂ ಹೌದಲ್ಲ, ಪೂರ್ತಿ ಸುಳ್ಳಾಗಲಿಲ್ಲ. ಕೋಟುಗಳನ್ನು ಅವಳು ಗುರುವಾರವೇ ಮುಗಿಸಿದಳು, ಬೆರಳು ಮೂರು ಕಡೆ ಚುಚ್ಚಿಕೊಂಡು.

ಎಂಟನೆಯ ವಾರದ ಭಾನುವಾರ ಮಧ್ಯಾಹ್ನ ಬಣ್ಣದವನು ಬಂದ. ಎಲ್ಲರೂ ಅವನನ್ನು ‘ಚುಕ್ಕಿ’ ಎಂದೇ ಕರೆಯುತ್ತಿದ್ದರು, ಅಂಗಿ, ಚಪ್ಪಲಿ, ಕಿವಿಯ ಮೇಲಿನ ಕೂದಲು ಎಲ್ಲದರ ಮೇಲೂ ಬಣ್ಣದ ಚುಕ್ಕಿ. ಮಾವನ ಜೊತೆ ಇಪ್ಪತ್ತು ವರ್ಷ ಒಂದೇ ಗ್ಯಾರೇಜಿನಲ್ಲಿ ದುಡಿದವನು. ಮನೆಯವರೆಲ್ಲ ಶೆಡ್ಡಿನಲ್ಲಿ ಸೇರಿದರು. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತರು.

“ಮೇಸ್ತ್ರಿ, ಮೊದಲೇ ಹೇಳ್ತೀನಿ” ಅಂದ ಚುಕ್ಕಿ. “ತಗಡು ಸರಿಯಿದ್ರೆ ನಾಳೆ ಬೆಳಿಗ್ಗೆನೇ ಎಳ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಎರಡು ತಿಂಗಳು ನನ್ನ ಕೈಗೆ ಬಿಡುವಿಲ್ಲ.”

“ನಾಳೆ ಬೆಳಿಗ್ಗೆ ನೀನು ಬರದಿದ್ರೆ ಗುಜರಿಯವನು ಬರ್ತಾನೆ” ಎಂದ ಮಗ. “ಇಬ್ಬರಲ್ಲಿ ಒಬ್ಬರು ಇದನ್ನ ತಗೊಂಡು ಹೋಗಿ ಪುಣ್ಯ ಕಟ್ಕೊಳ್ಳಿ.”

ಚುಕ್ಕಿ ಕೈ ತೊಳೆದು, ಬಟ್ಟೆ ಹಿಡಿದು, ದೀಪದಿಂದ ಶುರುಮಾಡಿ ಬಾಲದವರೆಗೆ ಹೋದ. ವಾಪಸು ಬಂದ. ಇನ್ನೊಂದು ಸಲ ಹೋದ. ಅವನ ಮುಖದ ಮೇಲಿದ್ದ ನಗು ಸರಿದು, ಬೇರೆಯೇ ಏನೋ ಬಂದು ಕೂತಿತು.

“ಮೇಸ್ತ್ರೀ… ಪುಟ್ಟಿ ಎಲ್ಲಿ?”

“ಒಂದು ಚಮಚಾನೂ ಇಲ್ಲ.”

“ಪಟ್ಟಿ ಇಲ್ಲ, ಪುಟ್ಟಿ ಇಲ್ಲ. ಹದಿನೇಳು ಅಡಿ ಬರೀ ತಗಡು.” ಚುಕ್ಕಿ ತಲೆಯಾಡಿಸಿದ. “ಇಂಥ ಮೈಗೆ ಬಣ್ಣ ಹೊಡೆಯೋ ಭಾಗ್ಯ ಇನ್ನು ನನಗೆ ಸಿಗಲ್ಲ. ಒಪ್ಪಿದೆ. ನಾಳೆ ಏಳು ಗಂಟೆಗೆ ಬರ್ತೀನಿ.”

ಅತ್ತೆ ಕೈ ಮುಗಿದರು. ಮಗ “ಅಬ್ಬ!” ಎಂದು ನಿಟ್ಟುಸಿರುಬಿಟ್ಟು ಹೆಂಡತಿಯ ಕಡೆ ತಿರುಗಿದ. “ನಾಳೆ ಸಂಜೆಗೆ ನಿನ್ನ ಮೆಷಿನ್ ಇಲ್ಲಿ ಬಂತು ಅಂತಾನೇ ಇಟ್ಕೋ.”

ಅವಳ ಕಣ್ಣು ಕಾರಿನ ಬಾಲದ ಮೇಲಿತ್ತು. ಬೆಳಿಗ್ಗೆ, ಎಲ್ಲರೂ ಏಳುವ ಮೊದಲು, ಕೊನೆಯ ಬಾರಿಗೆ ಎಂದು ಸವರಿ ನೋಡಿದ್ದಳು. ಹಿಂದಿನ ರೆಕ್ಕೆಯ ಬುಡದಲ್ಲಿ ಏನೋ ಇತ್ತು. ಉಬ್ಬೂ ಅಲ್ಲ, ತಗ್ಗೂ ಅಲ್ಲ, ದಾರದ ಎಳೆ ಸಡಿಲವಾದ ಹಾಗೆ ಒಂದು ಸುಸ್ತು. ಚುಕ್ಕಿಯ ಕೈಗೆ ಅದು ಸಿಕ್ಕೀತು, ತಾನು ಹೇಳುವ ಪ್ರಸಂಗ ಬಾರದು ಎಂದುಕೊಂಡಿದ್ದಳು. ಸಿಗಲಿಲ್ಲ. ಈಗ ಸುಮ್ಮನಿದ್ದರೆ ನಾಳೆ ಸಂಜೆ ಕಿಟಕಿಯ ಬೆಳಕು. ಬಾಯಿ ಬಿಟ್ಟು, ಅದು ಇವತ್ತೇ ಸರಿಹೋಗದಿದ್ದರೆ ನಾಳೆ ಬೆಳಿಗ್ಗೆ ಗುಜರಿ. ಮಾವನ ಕಾರು ಹೋಗುತ್ತದೆ, ಅದೂ ತನ್ನ ಬಾಯಿಂದ.

ಆದರೆ ಕಪ್ಪು ಬಣ್ಣ ಬಿದ್ದಮೇಲೆ?

“ಒಂದು ಉಳಿದಿದೆ” ಅಂದಳು.

ಎಲ್ಲರೂ ತಿರುಗಿದರು. ಅವಳು ಹೋಗಿ ಬೆರಳಿಟ್ಟು ತೋರಿಸಿದಳು. ಚುಕ್ಕಿ ಬಂದು ಸವರಿದ. ಮತ್ತೆ ಸವರಿದ. “ಏನೂ ಇಲ್ಲಮ್ಮ ಇಲ್ಲಿ. ಮೂವತ್ತು ವರ್ಷದ ಕೈ ಇದು” ಎಂದು ನಕ್ಕ.

“ನಿನಗೆ ಬುದ್ಧಿ ನೆಟ್ಟಗಿದೆಯಾ?” ಎಂದು ಗಂಡ ಅವಳ ತೋಳು ಹಿಡಿದ. “ಅವರೇ ಸರಿಯಿದೆ ಅಂತಿದ್ದಾರೆ. ಕಾರು ಒರೆಸೋಳು ನೀನು, ನಿನಗೇನು ಗೊತ್ತು? ಅಪ್ಪಾ, ನೀನೇ ಹೇಳು. ನೀನು ಕೈಯಿಟ್ಟು ನೋಡಿ ಹೇಳ್ಬಿಡು, ಮುಗೀಲಿ.”

ಮಾವ ಮುಂದೆ ಬಂದರು. ಸೊಸೆ ಅವರ ಮುಖ ನೋಡಲಾರದೆ ನೆಲ ನೋಡಿದಳು. ಅವರು ಕೈಯಿಟ್ಟು ‘ಏನೂ ಇಲ್ಲ’ ಅಂದರೆ ಮುಗಿಯಿತು. ಕಾರೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಯಾರೂ ಅವರನ್ನು ಬೈಯುವಂತಿರಲಿಲ್ಲ.

ಮಾವ ಕೈಯಿಡಲಿಲ್ಲ. ಎರಡೂ ಅಂಗೈಗಳನ್ನು ಮಗನ ಮುಂದೆ ಚಾಚಿದರು.

“ಈ ಕೈಗೆ ಏನೂ ಗೊತ್ತಾಗಲ್ಲ ಕಣೋ. ಆರು ತಿಂಗಳಾಯ್ತು. ಸೂಜಿ ಚುಚ್ಚು ಬೇಕಾದ್ರೆ. ಈ ಕಾರಿನ ಒಂದೊಂದು ಅಂಗುಲಾನೂ ಇವಳು ನೋಡಿ ಹೇಳಿದ್ದು. ನಾನು ಬರೀ ಬಡಿದಿದ್ದು. ಅವಳು ಇದೆ ಅಂದ್ರೆ ಇದೆ.”

ಅತ್ತೆ ಕುರ್ಚಿಯಿಂದ ಎದ್ದು ಬಂದು ಗಂಡನ ಅಂಗೈ ಹಿಡಿದು, ನಡುವಿನ ಗುಂಡನೆಯ ಗಾಯದ ಕಲೆಯ ಮೇಲೆ ಬೆರಳಾಡಿಸಿದರು. “ಗ್ಯಾಸಿನ ಬೆಂಕಿ ತಾಗಿತು ಅಂದಿದ್ರಲ್ಲ… ಆರು ತಿಂಗಳಿಂದ ನಾನು ಬಿಸಿ ಚಹಾ ಕೈಗೆ ಕೊಡ್ತಾ ಇದ್ದೀನಲ್ರೀ! ನನಗೊಂದು ಮಾತು ಹೇಳ್ಬಾರದಿತ್ತಾ?” ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಮಗ ಅಪ್ಪನ ಕೈಯನ್ನೇ ನೋಡುತ್ತಿದ್ದ. ದಿನಕ್ಕೆ ಹತ್ತು ಜನ ಇಂಥದೇ ಕೈ ತೋರಿಸಿ ಅವನ ಹತ್ತಿರ ನರದ ಮಾತ್ರೆ ಕೇಳುತ್ತಿದ್ದರು. ದಿನಾ ಪಕ್ಕದಲ್ಲೇ ಕೂತು ಉಂಡರೂ ಅವನಿಗೆ ಇದು ಕಂಡಿರಲಿಲ್ಲ.

“ನೋಡೇಬಿಡೋಣ” ಎಂದು ಚುಕ್ಕಿ ಗಂಟಲು ಸರಿಮಾಡಿಕೊಂಡ. “ಟ್ಯೂಬ್‌ಲೈಟ್ ಹಾಕಿ. ಸ್ವಲ್ಪ ಎಣ್ಣೆ ಕೊಡಿ.”

ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಕಾರಿನ ಉದ್ದಕ್ಕೂ ತೆಳ್ಳಗೆ ಸವರಿದ. ತಗಡು ಹೊಳೆಯಿತು. ಮೇಲಿನ ಟ್ಯೂಬ್‌ಲೈಟು ಕಾರಿನ ಮೈಮೇಲೆ ಒಂದು ಬಿಳಿ ಗೆರೆಯಾಗಿ ಬಿತ್ತು. ಚುಕ್ಕಿ ಕೂತು, ಒಂದು ಕಣ್ಣು ಮುಚ್ಚಿ, ಗೆರೆಯ ಜೊತೆಗೇ ತಲೆ ಸರಿಸುತ್ತ ಹೋದ. ದೀಪದಿಂದ ಬಾಗಿಲು, ಬಾಗಿಲಿನಿಂದ ಚಕ್ರ, ಗೆರೆ ನೇರವಾಗಿ ಅವನ ಜೊತೆಗೇ ಬಂತು. ರೆಕ್ಕೆಯ ಬುಡದಲ್ಲಿ, ಅವಳು ಬೆರಳಿಟ್ಟ ಜಾಗದಲ್ಲಿ, ಅದು ಒಂಚೂರು ಬಳುಕಿತು. ಬಳುಕಿ ಮತ್ತೆ ನೇರವಾಯಿತು.

ಚುಕ್ಕಿ ಎದ್ದು ಅವಳ ಕಡೆ ತಿರುಗಿದ. “ಅಮ್ಮಾ, ಎಷ್ಟು ವರ್ಷ ಆಯ್ತು ನಿಮಗೆ ಈ ಕೆಲಸಕ್ಕೆ?” ಆಗಲೇ ಅವಳ ಮಾತಿಗೆ ನಕ್ಕಿದ್ದವನೇ ಅವನು.

“ಐದು ವಾರ” ಅಂದಳು.

“ತೆಗಿ ಡಿಕ್ಕಿ!” ಎಂದು ಮಾವ ಮಗನಿಗೆ ಗದರಿದರು. ಅವನು ಓಡಿಹೋಗಿ ಡಿಕ್ಕಿಯ ಮುಚ್ಚಳ ಎತ್ತಿ ಹಿಡಿದ. ಮಾವ ಗುಂಡು ತೆಗೆದುಕೊಂಡು ಆ ದೊಡ್ಡ ಡಿಕ್ಕಿಯೊಳಗೆ ತೂರಿ, ರೆಕ್ಕೆಯ ಸಂದಿಗೆ ಭುಜ ತುರುಕಿದರು. ಈಗ ಅವರ ಕಾಲು ಮಾತ್ರ ಕಾಣುತ್ತಿತ್ತು. “ಸುತ್ತಿಗೆ ನೀನೇ ತಗೋ” ಎಂಬ ದನಿ ಒಳಗಿನಿಂದ ಬಂತು. “ನನಗೆ ಇಲ್ಲಿಂದ ಕಾಣಲ್ಲ. ಗುಂಡು ಎಲ್ಲಿದೆ ಹೇಳು.”

“ಇವತ್ತಿನವರೆಗೆ ನಾನು ಹೊಡೆದಿಲ್ಲ ಮಾವ.”

“ಇವತ್ತು ಹೊಡಿ. ಎಲ್ಲಿದೆ ಅಂತ ಗೊತ್ತಿರೋಳೇ ಹೊಡೀಬೇಕು.”

ಅವಳು ತಗಡಿನ ಮೇಲೆ ಅಂಗೈಯಿಟ್ಟಳು. ಒಳಗೆ ಗುಂಡು ತಾಗಿದ್ದು ಕೈಗೆ ಗೊತ್ತಾಯಿತು. “ಸ್ವಲ್ಪ ಎಡಕ್ಕೆ. ಒಂದು ಬೆರಳು ಮೇಲೆ. ಅಲ್ಲೇ, ಅಲ್ಲೇ ಇಟ್ಕೊಳ್ಳಿ.” ಸುತ್ತಿಗೆ ಅವಳು ಅಂದುಕೊಂಡದ್ದಕ್ಕಿಂತ ಹಗುರವಿತ್ತು. ಟಕ್. ಟಕ್. ಇನ್ನೊಂದು, ಮೆಲ್ಲಗೆ, ಟಕ್.

ಚುಕ್ಕಿ ಮತ್ತೆ ಎಣ್ಣೆ ಸವರಿ ಕೂತ. ಈ ಸಲ ಗಂಡನೂ ಡಿಕ್ಕಿಯ ಮುಚ್ಚಳ ಹಾಗೇ ಮೇಲೆ ನಿಲ್ಲಿಸಿ ಬಂದು ಅವನ ಪಕ್ಕ ಕೂತ, ಅತ್ತೆ ಮಂಡಿ ನೋವು ಮರೆತು ಬಗ್ಗಿದರು. ಬೆಳಕಿನ ಗೆರೆ ದೀಪದ ಬಳಿ ಹುಟ್ಟಿ, ಬಾಗಿಲು ದಾಟಿ, ಚಕ್ರ ದಾಟಿ, ರೆಕ್ಕೆಯ ಬುಡ ದಾಟಿ, ಬಾಲದ ತುದಿಯಲ್ಲಿ ಹೋಗಿ ನಿಂತಿತು. ಎಲ್ಲೂ ಅಲುಗಲಿಲ್ಲ. ತುಕ್ಕು ತಿಂದು ಕೋಳಿಗೂಡಾಗಿದ್ದ ಕಬ್ಬಿಣ ಅದು! ಮೂವರೂ ಬಾಯಿ ತೆರೆದು ನೋಡುತ್ತಿದ್ದರು.

“ಏನಾಯ್ತು?” ಎಂದು ಡಿಕ್ಕಿಯೊಳಗಿನಿಂದ ಕೂಗು ಬಂತು. “ನೇರ ಆಯ್ತೋ ಇಲ್ವೋ? ಯಾರಾದ್ರೂ ಬಾಯಿ ಬಿಡ್ರೋ!”

“ನೇರ ಇದೆ ಅಪ್ಪಾ” ಎಂದ ಮಗ. “ಕೂದಲೆಳೆಯಷ್ಟೂ ಡೊಂಕಿಲ್ಲ. ಬಾ ಹೊರಗೆ, ನೋಡು. ಗುಜರಿಯವನಿಗೆ ನಾನು ಈಗ್ಲೇ ಹೇಳಿಕಳಿಸ್ತೀನಿ.”

“ನೀನು ಹೇಳಿದ್ರೆ ಆಯ್ತೇನೋ? ಅವಳು ಹೇಳ್ಲಿ.”

ಎಲ್ಲರೂ ಎದ್ದು ಹಿಂದೆ ಸರಿದು ಜಾಗ ಬಿಟ್ಟರು. ಅವಳು ಬಟ್ಟೆ ತೆಗೆದುಕೊಂಡು ದೀಪದ ಬಳಿ ಹೋಗಿ ನಿಂತಳು, ಎಡಗೈ ಇಟ್ಟಳು, ಕಣ್ಣು ಮುಚ್ಚಿದಳು. ಒಂದೊಂದೇ ಹೆಜ್ಜೆ ನಡೆದಳು. ಹದಿನೇಳು ಅಡಿ ನಡೆಯುವಷ್ಟು ಹೊತ್ತೂ ಶೆಡ್ಡಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಬಾಲದ ತುದಿಯಲ್ಲಿ ಅವಳ ಕೈ ತಗಡಿನಿಂದ ಜಾರಿ ಗಾಳಿಗೆ ಬಂತು. ಅವಳು ಡಿಕ್ಕಿಯ ಕಡೆ ಬಗ್ಗಿದಳು.

“ಆಯ್ತು ಮಾವ” ಅಂದಳು. “ಇನ್ನು ಹೊರಗೆ ಬನ್ನಿ.”